ತಾಯಿ ಕಾರ್ಡಿನ ಆ 110/70

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಉಪಕೇಂದ್ರ, ಪಿಎಚ್‌ಸಿ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಡ್ಯೂಟಿ ಮಾಡುತ್ತಿರುವ ನನ್ನ ತಂಗಿಯರಿಗೆ, ತಮ್ಮಂದಿರಿಗೆ,



ಸರ್ಕಾರ ಈಗ ನಿಮ್ಮನ್ನು ಶುಶ್ರೂಷಾಧಿಕಾರಿ, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದೆಲ್ಲ ಕರೆಯುತ್ತದೆ. ಜನ ಮಾತ್ರ ನಮ್ಮ ಕಾಲದ ಹಾಗೇ ಈಗಲೂ ಸಿಸ್ಟರಮ್ಮ ಅನ್ನುತ್ತಾರೆ. ಆ ಹೆಸರಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಹೆರಿಗೆ ಕೊಠಡಿಗಳಲ್ಲಿ ನಿಂತು ನಿವೃತ್ತಳಾದವಳು ನಾನು. ಬುದ್ಧಿ ಹೇಳುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನನ್ನದೊಂದು ತಪ್ಪಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಬಹಳ ವರ್ಷದ ಹಿಂದಿನ ಮಾತು. ಬೆಳಗಿನ ಜಾವ ಆಟೋದಲ್ಲಿ ಒಬ್ಬ ಹುಡುಗಿಯನ್ನು ತಂದರು. ಚೊಚ್ಚಲು, ಎಂಟನೇ ತಿಂಗಳು. ದಾರಿಯಲ್ಲೇ ಎರಡು ಸಲ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದಳು. ಬಿಪಿ 180/120. ಟೆಸ್ಟ್ ಟ್ಯೂಬಿನಲ್ಲಿ ಮೂತ್ರ ಕಾಯಿಸಿದರೆ ಒಡೆದ ಹಾಲಿನ ಹಾಗೆ ಗಟ್ಟಿಯಾಯಿತು. ಅವಳ ಅತ್ತೆ ಪ್ಲಾಸ್ಟಿಕ್ ಕವರಿನಿಂದ ತಾಯಿ ಕಾರ್ಡ್ ತೆಗೆದುಕೊಟ್ಟರು. ಐದು ಸಲ ತೋರಿಸಿಕೊಂಡಿದ್ದಳು, ಐದೂ ಸಲ 110/70. ಕೊನೆಯ ಎರಡು ನನ್ನ ಕೈಬರಹ.

ಆ ಎರಡು ದಿನ ಏನಾಗಿತ್ತು ಅನ್ನುವುದು ನಿಮಗೆ ವಿವರಿಸಿ ಹೇಳಬೇಕಾಗಿಲ್ಲ. ಸಾಲಿನಲ್ಲಿ ನಲವತ್ತು ಜನ, ನಾನೊಬ್ಬಳೇ. ಕಫ್ಫಿನ ಪಟ್ಟಿ ಹಿಡಿಯುತ್ತಿರಲಿಲ್ಲ, ರಬ್ಬರು ಸೀಳಿತ್ತು. ಹುಡುಗಿ ನಗುನಗುತ್ತಾ ಇದ್ದಳು, ಗಟ್ಟಿಮುಟ್ಟಾಗಿ ಕಂಡಳು. ಹಿಂದಿನ ಸಾಲು ನೋಡಿ ಅದನ್ನೇ ಕೆಳಗೆ ಬರೆದೆ. ಅವಳು ಉಳಿದಳು. ಮಗು ಉಳಿಯಲಿಲ್ಲ.

ಬಸುರಿಯ ಬಿಪಿ ಮೊದಮೊದಲು ನೋಯುವುದಿಲ್ಲ. ರಕ್ತಸ್ರಾವವಾದರೆ ಸೀರೆ ನೆನೆಯುತ್ತದೆ, ಮನೆಯವರೆಲ್ಲ ಎದ್ದು ಓಡುತ್ತಾರೆ. ಇದಕ್ಕೆ ನಮ್ಮ ಕಿವಿ ಬಿಟ್ಟರೆ ಬೇರೆ ಸಾಕ್ಷಿಯೇ ಇಲ್ಲ. ಲೋಕದಲ್ಲಿ ಹೆರಿಗೆಯ ಸುತ್ತಮುತ್ತ ಸಾಯುವ ತಾಯಂದಿರಲ್ಲಿ ಏಳು ಜನಕ್ಕೆ ಒಬ್ಬಳಂತೆ ಸಾಯುವುದು ಇದೇ ಬಿಪಿಯ ಕಾರಣಕ್ಕೆ. 2018-20ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ನಮ್ಮ ಕರ್ನಾಟಕದಲ್ಲಿ 69 ತಾಯಂದಿರು ತೀರಿಕೊಂಡರೆ, ಕೇರಳದಲ್ಲಿ 19. ಎಚ್.ಡಿ. ಕೋಟೆಯ ಡಿ.ಬಿ. ಕುಪ್ಪೆಯಲ್ಲಿ ಡ್ಯೂಟಿ ಮಾಡಿದವರಿಗೆ ಗೊತ್ತು, ಕಬಿನಿಯ ಆಚೆ ದಡವೇ ಕೇರಳ. ಹೊಳೆ ಒಂದೇ, ಕಾಡೂ ಒಂದೇ, ಲೆಕ್ಕ ಮಾತ್ರ ಬೇರೆ.

ಓದಿದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳೋಣ. 20 ವಾರ ದಾಟಿದ ಮೇಲೆ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿ, ನಾಲ್ಕು ಗಂಟೆ ಬಿಟ್ಟು ನೋಡಿದಾಗಲೂ ಹಾಗೇ ಇದ್ದರೆ ಅದು ಬಸುರಿನ ಬಿಪಿ. ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಬಂದರೆ, ಇಲ್ಲವೇ ಲಿವರ್, ಕಿಡ್ನಿ, ಪ್ಲೇಟ್‌ಲೆಟ್‌ಗೆ ಪೆಟ್ಟು ಬಿದ್ದಿದ್ದರೆ ಪ್ರಿಎಕ್ಲಾಂಪ್ಸಿಯಾ. ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. ನಾನು ಓದುವಾಗ ಇದಕ್ಕೆ ಟಾಕ್ಸೀಮಿಯ ಅನ್ನುತ್ತಿದ್ದರು, ನಂಜು ಅಂತ ಅರ್ಥ. ನಂಜು ಯಾವುದು ಅಂತ ಹುಡುಕಿ ಹುಡುಕಿ ಯಾರಿಗೂ ಸಿಗಲಿಲ್ಲ. ಮೂಲ ಇರುವುದು ಮಾಸಿನಲ್ಲಿ. ಅದಕ್ಕೆ ರಕ್ತ ಒಯ್ಯುವ ನಾಳಗಳು ಹಿಗ್ಗಬೇಕಾದಷ್ಟು ಹಿಗ್ಗದೆ ಹೋಗುತ್ತವೆ, ಅದರ ಏಟು ತಾಯಿಯ ಮೈಯೆಲ್ಲ ತಾಗುತ್ತದೆ. ‘ಏನು ತಿಂದೆ, ಯಾಕೆ ಕೋಪ ಮಾಡಿಕೊಂಡೆ’ ಅಂತ ಅವಳನ್ನೇ ಗದರಿಸುವ ಅತ್ತೆಯಂದಿರಿಗೆ ಇಷ್ಟನ್ನಾದರೂ ತಿಳಿಸಿ. ಉಪ್ಪು ಪೂರ್ತಿ ಬಿಡಿಸುವುದು, ಹಾಸಿಗೆ ಬಿಟ್ಟು ಏಳಬೇಡ ಅನ್ನುವುದು, ಇವೆರಡರಿಂದ ರೋಗ ತಡೆಯುವುದಿಲ್ಲ ಅಂತಲೂ ಹೇಳಿ.

ಇನ್ನು ಬಿಪಿ ನೋಡುವ ಮಾತು. ಪ್ರತಿ ತಿಂಗಳ 9ನೇ ತಾರೀಖು, ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ನಿಮ್ಮ ವರಾಂಡ ಹೇಗಿರುತ್ತದೆ ಅಂತ ಬಲ್ಲೆ. ಆದರೂ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದವಳಿಗೆ ಬಂದ ಕೂಡಲೇ ಕಫ್ ಸುತ್ತಬೇಡಿ. ಮೊದಲು ಮೂತ್ರಕ್ಕೆ ಕಳಿಸಿ, ಪರೀಕ್ಷೆಗೂ ಅದೇ ಆಗುತ್ತದೆ. ಆಮೇಲೆ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಸ್ವೆಟರಿನ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಇನ್ನೊಂದು ಬಿಗಿ ಪಟ್ಟಿಯಾಗುತ್ತದೆ, ಬಿಚ್ಚಿಸಿಬಿಡಿ. ನೋಡುವಾಗ ಮಾತಾಡಿಸಬೇಡಿ. ಶಬ್ದ ಪೂರ್ತಿ ನಿಂತ ಜಾಗವೇ ಕೆಳಗಿನ ಅಂಕಿ. ದಪ್ಪ ತೋಳಿಗೆ ಸಣ್ಣ ಕಫ್ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ. ಅದು ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ಇದರ ಉಲ್ಟಾ. ಹಾಡಿಯಿಂದ ಬರುವ ಜೇನುಕುರುಬರ, ಯರವರ ಹೆಣ್ಣುಮಕ್ಕಳ ಕಡ್ಡಿಯಂಥ ತೋಳಿಗೆ ದೊಡ್ಡ ಕಫ್ ಸುತ್ತಿದರೆ ಇರುವ ಬಿಪಿಯೂ ಕಡಿಮೆ ಕಾಣುತ್ತದೆ.

ಇನ್ನೊಂದು ಮಾತು, ಸೊನ್ನೆಯ ಚಟ ಬಿಡಿ. ಕಾರ್ಡಿನ ಮೇಲೆ 110/70, 120/80 ಸಾಲಾಗಿ ಕಂಡರೆ ನನಗೆ ಭಯವಾಗುತ್ತದೆ. 134/86 ಕಂಡರೆ ಯಾರೋ ನಿಜವಾಗಿ ಕೂತು ಕೇಳಿದ್ದಾರೆ ಅನ್ನಿಸುತ್ತದೆ. ಹೋದ ಸಲ 108/68 ಇದ್ದವಳು ಈ ಸಲ 134/86 ಆಗಿದ್ದರೆ ಅವಳಿನ್ನೂ ಗೆರೆ ದಾಟಿಲ್ಲ, ನಿಜ. ಆದರೆ ಅವಳನ್ನು ಮುಂದಿನ 9ಕ್ಕೆ ಬಾ ಅನ್ನಬೇಡಿ, ಮುಂದಿನ ವಾರವೇ ಕರೆಯಿರಿ.

ನಮ್ಮ ಸೀಮೆಗೇ ಸೇರಿದ ಒಂದು ವಿಷಯ ಪುಸ್ತಕದಲ್ಲಿ ಸಿಗುವುದಿಲ್ಲ. ಈ ನಾಲ್ಕೂ ಕಡೆ ಹೊಗೆಸೊಪ್ಪು ಬೆಳೆಯುತ್ತಾರೆ. ಮಳೆಗಾಲದಲ್ಲಿ ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಒಣಗಿಸಲು ಬ್ಯಾರನ್‌ಗೆ ಏರಿಸುವ ಕೆಲಸ ಹಗಲೂ ರಾತ್ರಿ ಸಾಗುತ್ತದೆ. ಕೂತು ಸೊಪ್ಪು ಕಟ್ಟುವವರಲ್ಲಿ ಹೆಂಗಸರೇ ಹೆಚ್ಚು, ಬಸುರಿಯರೂ ಇರುತ್ತಾರೆ. ಹಸಿ ಸೊಪ್ಪಿನ ನೀರು ಕೈಗೆ ಅಂಟಿದರೆ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಸೊಪ್ಪು ನೆನೆದಿದ್ದರೆ ಇನ್ನೂ ಹೆಚ್ಚು. ತಲೆನೋವು, ವಾಂತಿ, ತಲೆಸುತ್ತು ಬರುತ್ತದೆ. ಊರಲ್ಲಿ ಇದು ಎಲ್ಲರಿಗೂ ಗೊತ್ತು. ‘ಸೊಪ್ಪಿಗೆ ಹೋಗಿದ್ದಳು, ಅದಕ್ಕೇ’ ಅಂತ ಮಜ್ಜಿಗೆ ಕುಡಿಸಿ ಮಲಗಿಸುತ್ತಾರೆ. ಏಳು ತಿಂಗಳ ಬಸುರಿಗೆ ಬಿಪಿ ತಲೆಗೇರಿದಾಗಲೂ ಇವೇ ಲಕ್ಷಣ: ತಲೆನೋವು, ವಾಂತಿ, ಕಣ್ಣು ಮಂಜು, ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಂಡ ಹಾಗೆ ನೋವು. ಯಾವುದು ಸೊಪ್ಪಿನದು, ಯಾವುದು ಬಿಪಿಯದು ಅಂತ ಮುಖ ನೋಡಿ ಹೇಳಲು ಬರುವುದಿಲ್ಲ, ಕಫ್ ಕಟ್ಟಿಯೇ ಹೇಳಬೇಕು. ಹಾಗಾಗಿ ಕಟ್ಟೆಮಳಲವಾಡಿ, ಕಂಪಲಾಪುರ, ಬೆಟ್ಟದಪುರದ ಸುತ್ತಿನ ಸಿಸ್ಟರುಗಳಲ್ಲಿ ಒಂದು ಕೋರಿಕೆ. ಸೊಪ್ಪಿನ ಸುಗ್ಗಿಯಲ್ಲಿ ಆಶಾ ಕಾರ್ಯಕರ್ತೆಯರಿಗೆ ಒಂದು ಮಾತು ಹೇಳಿಡಿ: ಬಸುರಿ ತಲೆನೋವು ಅಂದರೆ ಸೊಪ್ಪಿನ ಲೆಕ್ಕಕ್ಕೆ ಬರೆಯದೆ ಅವತ್ತೇ ಬಿಪಿ ನೋಡಿಸಬೇಕು. ಬಸುರಿಯರನ್ನು ಹಸಿ ಸೊಪ್ಪಿನ ಕೆಲಸದಿಂದಲೇ ದೂರ ಇಟ್ಟರೆ ಇನ್ನೂ ಒಳ್ಳೆಯದು.

ಕಾಲೂತದ ವಿಷಯ. ಸಂಜೆ ಹೊತ್ತಿಗೆ ಪಾದ ಊದುವುದು ಬಸುರಿಯರಲ್ಲಿ ಸಾಮಾನ್ಯ, ಅದಕ್ಕೇ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಎದ್ದಾಗ ಮುಖ ಊದಿದೆಯಾ, ಬಳೆ, ಉಂಗುರ ಬಿಗಿಯಾಗಿದೆಯಾ ಅಂತ ಕೇಳಿ. ‘ಕಾಲುಂಗುರ ತೆಗೆಯೋಕಾಗ್ತಿಲ್ಲ ಸಿಸ್ಟರ್’ ಅಂದವಳನ್ನು ಬಿಪಿ ನೋಡದೆ ಕಳಿಸಬೇಡಿ.

ತಡೆಯುವ ದಾರಿಯೂ ನಮ್ಮ ಕೈಯಲ್ಲಿ ಒಂದಿಷ್ಟಿದೆ. ಹಿಂದಿನ ಬಸುರಿನಲ್ಲಿ ಬಿಪಿ ಇದ್ದವಳು, ಅವಳಿ ಇರುವವಳು, ಸಕ್ಕರೆ ಕಾಯಿಲೆ ಅಥವಾ ಕಿಡ್ನಿ ತೊಂದರೆ ಇರುವವಳು ಮೂರನೇ ತಿಂಗಳಲ್ಲಿ ಹೆಸರು ಬರೆಸಲು ಬಂದಾಗಲೇ ಡಾಕ್ಟರ ಮುಂದೆ ಕೂರಿಸಿ. 12 ವಾರದ ನಂತರ, 16 ವಾರದೊಳಗೆ ಸಣ್ಣ ಡೋಸಿನ ಆಸ್ಪಿರಿನ್ ಶುರುವಾದರೆ ಅವಳಿಗೆ ಉಪಯೋಗ. ಐದನೇ ತಿಂಗಳಲ್ಲಿ ಕೇಳಿಕೊಂಡರೆ ಅಷ್ಟು ಪ್ರಯೋಜನ ಸಿಗದೆ ಹೋಗಬಹುದು. ನೀವು ಕೊಡುವ ಕ್ಯಾಲ್ಸಿಯಂ ಮಾತ್ರೆಯೂ ಸುಮ್ಮನೆ ಅಲ್ಲ. ಬೆಂಗಳೂರಿನಲ್ಲಿ 11,000 ಚೊಚ್ಚಲು ಬಸುರಿಯರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 1,500 ಮಿಲಿಗ್ರಾಂ ತೆಗೆದುಕೊಂಡವರಿಗಿಂತ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಪ್ರಿಎಕ್ಲಾಂಪ್ಸಿಯಾ ಹೆಚ್ಚೇನೂ ಆಗಲಿಲ್ಲ. ಅಂದರೆ ದಿನಕ್ಕೆ ಎರಡು ಮಾತ್ರೆ ನುಂಗಲಾರೆ ಅನ್ನುವವಳು ಒಂದನ್ನಾದರೂ ತಪ್ಪದೆ ನುಂಗಿದರೆ ಅದು ವ್ಯರ್ಥವಲ್ಲ. ಕಬ್ಬಿಣದ ಮಾತ್ರೆಯ ಜೊತೆಗೇ ನುಂಗಬಾರದು ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಹೇಳಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ. ಆದರೆ ಮುದ್ದೆ ಉಣ್ಣುವವಳಿಗೆ ಮಾತ್ರೆ ಬೇಡ ಅಂತಲ್ಲ.

ನಮ್ಮ ರಾಜ್ಯದ್ದೇ ಇನ್ನೊಂದು ಪಾಠ ಇದೆ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಮತ್ತು ಎಎನ್‌ಎಂಗಳ ಕೈಗೆ ಬಿಪಿ ಯಂತ್ರ ಕೊಟ್ಟು, ಮನೆಮನೆಗೆ ಹೋಗಿ ನೋಡುವ ಕ್ಲಿಪ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ನಡೆಯಿತು. 2020ರಲ್ಲಿ ಫಲಿತಾಂಶ ಬಂದಾಗ ಯಂತ್ರ ಕೊಟ್ಟ ಊರು, ಕೊಡದ ಊರುಗಳ ನಡುವೆ ಒಟ್ಟಾರೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎಂಟು ಸಲ ಅಥವಾ ಅದಕ್ಕಿಂತ ಹೆಚ್ಚು ಭೇಟಿ ಸಿಕ್ಕವರಲ್ಲಿ ಮಾತ್ರ ಒಳ್ಳೆಯದಾದ ಸೂಚನೆ ಕಂಡಿತು. ನಾನು ತಿಳಿದುಕೊಂಡಿದ್ದು ಇಷ್ಟೆ: ಒಂದೋ ಎರಡೋ ಸಲ ನೋಡಿದ ಬಿಪಿಯಿಂದ ಯಾರೂ ಉಳಿಯುವುದಿಲ್ಲ. ಮತ್ತೆ ಮತ್ತೆ ನೋಡಬೇಕು, ನೋಡಿದ ಮೇಲೆ ಏನಾದರೂ ಮಾಡಬೇಕು. ಹುಣಸೂರು, ಕೋಟೆ ಕಡೆಯ ಹಾಡಿಗಳ ಹೆಣ್ಣುಮಕ್ಕಳು 9ನೇ ತಾರೀಖು ಬರುವುದಿಲ್ಲ. ಕೊಡಗಿನ ತೋಟದ ಕೂಲಿಗೆ ಹೋದವರು ತಿಂಗಳುಗಟ್ಟಲೆ ಕೈಗೆ ಸಿಗುವುದಿಲ್ಲ. ಅವರು ಹಬ್ಬಕ್ಕೋ ರೇಷನ್ನಿಗೋ ಊರಿಗೆ ಬಂದ ದಿನವೇ ನಿಮ್ಮ 9ನೇ ತಾರೀಖು ಅಂತ ತಿಳಿಯಿರಿ.

ಈಗ ಕೆಟ್ಟ ರಾತ್ರಿಯ ಮಾತು. 160/110 ಕಂಡರೆ ಹದಿನೈದು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಹಾಗೇ ಇದ್ದರೆ ಒಂದು ಗಂಟೆಯೊಳಗೆ ಬಿಪಿ ಇಳಿಸುವ ಔಷಧ ಅವಳ ಹೊಟ್ಟೆಗೆ ಬಿದ್ದಿರಬೇಕು. ಗುಳಿಗೆಯಿಂದೇನಾದೀತು ಅನ್ನಬೇಡಿ. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 900 ಹೆಂಗಸರಿಗೆ ನಿಫೆಡಿಪಿನ್, ಲ್ಯಾಬೆಟಲಾಲ್, ಮಿಥೈಲ್‌ಡೋಪಾ ಬಾಯಿಂದಲೇ ಕೊಟ್ಟು ನೋಡಿದರು, ಮೂರೂ ಕೆಲಸಕ್ಕೆ ಬಂದವು. ಡಾಕ್ಟರಿಗೆ ಫೋನ್ ಮಾಡಿ, ಆದೇಶ ಪಡೆದು, ಗಂಟೆ ನಿಮಿಷ ಸಹಿತ ಬರೆದು ಕೊಡಿ. ನಿಫೆಡಿಪಿನ್ ನುಂಗಿಸುವ ಔಷಧ, ನಾಲಿಗೆಯ ಕೆಳಗೆ ಇಡಬಾರದು.

ನಾನು ಟ್ರೈನಿಂಗಿನಲ್ಲಿದ್ದಾಗ ಎಕ್ಲಾಂಪ್ಸಿಯಾದವರಿಗೆ ಬೇರೆಯದೇ ಕತ್ತಲ ಕೋಣೆ ಇರುತ್ತಿತ್ತು. ಕಿಟಕಿಗೆ ಕಂಬಳಿ ಕಟ್ಟಿ, ಚಪ್ಪಲಿ ಸದ್ದೂ ಆಗದ ಹಾಗೆ ಓಡಾಡಬೇಕಿತ್ತು. ಲಾರ್ಗ್ಯಾಕ್ಟಿಲ್, ಫೆನರ್ಗಾನ್, ಪೆಥಿಡಿನ್ ಮೂರೂ ಸೇರಿಸಿ ಕೊಡುತ್ತಿದ್ದರು. ಅದು ಮದರಾಸಿನ ಡಾ. ಕೃಷ್ಣ ಮೆನನ್ ಅವರ ಪದ್ಧತಿ, ಅದಕ್ಕಿಂತ ಹಿಂದಿನ ಚಿಕಿತ್ಸೆಗೆ ಹೋಲಿಸಿದರೆ ಅದರಿಂದಲೂ ಎಷ್ಟೋ ಜೀವ ಉಳಿದಿದ್ದವು. 1995ರಲ್ಲಿ ಭಾರತವೂ ಸೇರಿ ಹಲವು ದೇಶಗಳಲ್ಲಿ ನಡೆದ ಅಧ್ಯಯನದಿಂದ, ಫಿಟ್ಸ್ ಮರುಕಳಿಸದಂತೆ ತಡೆಯಲು ಡಯಾಜಿಪಾಮ್, ಫೆನಿಟಾಯಿನ್‌ಗಿಂತ ಮೆಗ್ನೀಸಿಯಂ ಸಲ್ಫೇಟ್ ಬಹಳ ಮೇಲು ಅಂತ ಖಚಿತವಾಯಿತು. 2002ರಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ, ಇನ್ನೂ ಫಿಟ್ಸ್ ಬಾರದವರಲ್ಲಿ ಅದು ಬರುವ ಸಾಧ್ಯತೆಯನ್ನೇ ಈ ಮದ್ದು ಅರ್ಧಕ್ಕಿಂತ ಕೆಳಗಿಳಿಸುತ್ತದೆ ಅಂತ ತೋರಿಸಿತು. ಬೆಲೆ ಏನೂ ಇಲ್ಲ, ಒಂದು ಬಗೆಯ ಉಪ್ಪು ಅಷ್ಟೆ.

ಭಾರತ ಸರ್ಕಾರದ ಮಾರ್ಗಸೂಚಿ ಆ ಮದ್ದಿನ ಮೊದಲ ಡೋಸನ್ನು ಎಎನ್‌ಎಂ ಕೈಗೇ ಕೊಟ್ಟಿದೆ. ಫಿಟ್ಸ್ ಬಂದವಳನ್ನು ಮುಂದಕ್ಕೆ ಕಳಿಸುವ ಮೊದಲು ಒಂದೊಂದು ಪೃಷ್ಠಕ್ಕೆ 5 ಗ್ರಾಂನಂತೆ ಒಟ್ಟು 10 ಗ್ರಾಂ ಆಳವಾಗಿ ಚುಚ್ಚಬೇಕು. 50 ಪರ್ಸೆಂಟಿನ 2 ಎಂಎಲ್ ಆಂಪೂಲಿನಲ್ಲಿರುವುದು 1 ಗ್ರಾಂ. ಅಂದರೆ ಹತ್ತು ಆಂಪೂಲು ಒಡೆಯಬೇಕು. ಮೊದಲ ಸಲ ಮಾಡುವಾಗ ಆ ಹತ್ತು ಗಾಜಿನ ಕುತ್ತಿಗೆ ಮುರಿಯುವುದೇ ಒಂದು ಯುಗ ಅನ್ನಿಸುತ್ತದೆ. ಬೆರಳು ಕುಯ್ದುಕೊಳ್ಳುತ್ತದೆ, ದಪ್ಪ ನೀರು ಸಿರಿಂಜಿಗೆ ನಿಧಾನ ಏರುತ್ತದೆ, ಹೊರಗೆ ಮನೆಯವರು ಬಾಗಿಲು ಬಡಿಯುತ್ತಿರುತ್ತಾರೆ. ಆದ್ದರಿಂದ ಬರಿಯ ನೀರಿನ ಆಂಪೂಲು ಒಡೆದಾದರೂ ಒಂದು ಸಲ ಅಭ್ಯಾಸ ಮಾಡಿ. ಮೈ ಬಿಸಿಯಾಗುತ್ತದೆ, ಚುಚ್ಚಿದ ಜಾಗ ನೋಯುತ್ತದೆ, ಎಚ್ಚರ ಇದ್ದರೆ ಅವಳಿಗೆ ಮೊದಲೇ ಹೇಳಿ.

ಫಿಟ್ಸ್ ಬರುತ್ತಿರುವಾಗ ಬಾಯಿಗೆ ಚಮಚ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ಎಡಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ತೆಗೆಯಿರಿ, ಆಕ್ಸಿಜನ್ ಕೊಡಿ, ಬಿಟ್ಟು ಹೋಗಬೇಡಿ. ಕೈಗೆ ಕಬ್ಬಿಣ ಕೊಡಲು, ಮೂಗಿಗೆ ಈರುಳ್ಳಿ ಹಿಡಿಯಲು ಬಂದ ಅಜ್ಜಿಯನ್ನು ಬೈಯಬೇಡಿ. ‘ಅಜ್ಜಿ, ಇವಳ ತಲೆ ಹತ್ರ ಕೂತ್ಕೊಂಡು ಹೆಸರು ಹಿಡಿದು ಕರೀರಿ’ ಅಂತ ಕೆಲಸ ಕೊಡಿ.

ಎಷ್ಟೋ ಜನ ಸಿಸ್ಟರುಗಳು ನನ್ನ ಹತ್ತಿರ ಹೇಳಿದ್ದಾರೆ, ‘ಮ್ಯಾಗ್‌ಸಲ್ಫ್ ಅಂದ್ರೆ ಭಯ ಅಕ್ಕ, ಉಸಿರು ನಿಂತ್ರೆ?’ ಭಯಕ್ಕೆ ಉತ್ತರ ಮೂರು ಕಡೆ ಇದೆ. ಮುಂದಿನ ಡೋಸಿಗೆ ಮೊದಲು ಮಂಡಿ ತಟ್ಟಿ, ಕಾಲು ಜಿಗಿಯಬೇಕು. ಉಸಿರು ಎಣಿಸಿ, ನಿಮಿಷಕ್ಕೆ ಕನಿಷ್ಠ 16 ಇರಬೇಕು. ಮೂತ್ರದ ಚೀಲ ನೋಡಿ, ಗಂಟೆಗೆ ಕನಿಷ್ಠ 30 ಎಂಎಲ್ ಇಳಿದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಡೋಸು ನಿಲ್ಲಿಸಿ ಡಾಕ್ಟರನ್ನು ಕರೆಯಿರಿ. ಪ್ರತಿಮದ್ದು ಕ್ಯಾಲ್ಸಿಯಂ ಗ್ಲುಕೊನೇಟ್ ಅದೇ ಟ್ರೇಯಲ್ಲಿರಲಿ, ಬೀರುವಿನಲ್ಲಿ ಬೀಗ ಹಾಕಿ ಬೀಗದ ಕೈ ಫಾರ್ಮಸಿಸ್ಟರ ಮನೆಯಲ್ಲಿರುವುದು ಬೇಡ. ಹೆರಿಗೆ ಇಲ್ಲೇ ಆಗಿಬಿಟ್ಟರೆ ಆಕ್ಸಿಟೋಸಿನ್ ಕೊಡಿ. ಮೆಥರ್ಜಿನ್ ಕೈಗೆತ್ತಿಕೊಳ್ಳಬೇಡಿ, ಅದು ಬಿಪಿ ಏರಿಸುತ್ತದೆ.

ಆಮೇಲೆ ರೆಫರ್. 108 ಕರೆದು ಗಾಡಿ ಹತ್ತಿಸಿದರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಹುಣಸೂರಿನಿಂದ ಮೈಸೂರಿಗೆ ಒಂದು ಗಂಟೆ. ಪಿರಿಯಾಪಟ್ಟಣದ ಆಚೆಯ ಊರಿನಿಂದ, ಸಂಜೆಯಾದರೆ ಗೇಟು ಬೀಳುವ ಕಾಡುದಾರಿಯ ಕುಪ್ಪೆಯಿಂದ ಅದಕ್ಕಿಂತ ಎಷ್ಟೋ ಹೆಚ್ಚು. ಆ ದಾರಿಯಲ್ಲಿ ಅವಳ ಜೊತೆ ಇರುವುದು ನೀವು ಕೊಟ್ಟ ಇಂಜೆಕ್ಷನ್ ಮತ್ತು ನೀವು ಬರೆದ ಚೀಟಿ. ಮೈಸೂರಿನ ಚೆಲುವಾಂಬ ಆಸ್ಪತ್ರೆಯ ಲೇಬರ್ ರೂಮಿಗೆ ಮೊದಲೇ ಫೋನ್ ಮಾಡಿ. ಚೀಟಿಯಲ್ಲಿ ಬಿಪಿ ಎಷ್ಟು, ಎಷ್ಟು ಗಂಟೆಗೆ, ಫಿಟ್ಸ್ ಎಷ್ಟು ಸಲ, ಮ್ಯಾಗ್‌ಸಲ್ಫ್ ಎಷ್ಟು, ಯಾವಾಗ, ಮೂತ್ರದಲ್ಲಿ ಪ್ರೋಟೀನ್ ಎಷ್ಟು ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ‘ಹೈ ಬಿಪಿ, ರೆಫರ್ಡ್’ ಅಂತ ಮೂರೇ ಪದದ ಚೀಟಿ ಹಿಡಿದು ಬಂದವಳಿಗೆ ಅಲ್ಲಿಯವರು ಎಲ್ಲ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹೆರಿಗೆಯಾದರೆ ಗಂಡಾಂತರ ಕಳೆಯಿತು ಅನ್ನುವುದೂ ತಪ್ಪು. ಬಿಪಿ ಏರಿ ನಿಲ್ಲುವುದು ಹೆರಿಗೆಯಾದ ಮೂರರಿಂದ ಆರನೇ ದಿನದಲ್ಲಿ. ಅಷ್ಟು ಹೊತ್ತಿಗೆ ನಗು-ಮಗು ಗಾಡಿ ಅವಳನ್ನು ತವರುಮನೆಗೆ ಬಿಟ್ಟಿರುತ್ತದೆ. ಬಾಣಂತಿ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತವಳು ತಲೆ ಸಿಡಿಯುತ್ತಿದೆ ಅಂದರೆ ‘ಗಾಳಿ ಹೊಕ್ಕಿದೆ, ಇನ್ನೂ ಬಿಗಿಯಾಗಿ ಕಟ್ಟು’ ಅನ್ನುತ್ತಾರೆ. ಆಶಾ ಕಾರ್ಯಕರ್ತೆ ಮೂರನೇ ದಿನ, ಏಳನೇ ದಿನ ಆ ಮನೆಗೆ ಹೋಗಿಯೇ ಹೋಗುತ್ತಾಳೆ, ಮಗುವಿನ ತೂಕ ನೋಡುತ್ತಾಳೆ. ತಾಯಿಯ ತೋಳಿಗೆ ಯಾರೂ ಕಫ್ ಕಟ್ಟುವುದಿಲ್ಲ. ತಕ್ಕಡಿ ಇರುವ ಚೀಲದಲ್ಲಿ ಬಿಪಿ ಯಂತ್ರವೂ ಇರಲಿ. ಹೊಸ ಯೋಜನೆಯೂ ಬೇಡ, ಹೊಸ ಭೇಟಿಯೂ ಬೇಡ. ಬಸುರಿನಲ್ಲಿ ಬಿಪಿ ಬಂದವಳಿಗೆ ಮುಂದೆ ವಯಸ್ಸಾದ ಮೇಲೆ ಬಿಪಿ, ಹೃದಯದ ಕಾಯಿಲೆ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಅದನ್ನೂ ಅವಳಿಗೆ ಹೇಳಿ ಕಳಿಸಿ.

ಒಬ್ಬರ ತಲೆ ಮೇಲೆ ಮೂವರ ಕೆಲಸ ಇದೆ, ದಾಖಲೆ ತುಂಬುವುದರಲ್ಲೇ ಅರ್ಧ ದಿನ ಹೋಗುತ್ತದೆ ಅನ್ನುವುದು ನಿಮ್ಮ ನ್ಯಾಯವಾದ ದೂರು. ಹರಿದ ಕಫ್ ಬದಲಾಯಿಸಿ ಕೊಡುವುದು, ವರ್ಷಕ್ಕೊಮ್ಮೆ ಯಂತ್ರ ಪರೀಕ್ಷೆ ಮಾಡಿಸುವುದು ಮೇಲಿನವರ ಕೆಲಸ, ಅವರನ್ನು ಬರವಣಿಗೆಯಲ್ಲೇ ಕೇಳಿ. ಯಂತ್ರ ಕೆಟ್ಟಿದ್ದರೆ ಕಾರ್ಡಿನಲ್ಲಿ ‘ಯಂತ್ರ ಕೆಟ್ಟಿದೆ, ಬಿಪಿ ನೋಡಿಲ್ಲ’ ಅಂತಲೇ ಬರೆಯಿರಿ. ಬೈಗುಳ ಬರಬಹುದು, ಬರಲಿ. ಮುಂದೆ ನೋಡುವವರಾದರೂ ಎಚ್ಚರವಾಗುತ್ತಾರೆ. ಆ ಹುಡುಗಿಯ ಕಾರ್ಡಿನಲ್ಲಿ ನಾನು ಅಷ್ಟನ್ನೇ ಬರೆದಿದ್ದರೂ ಸಾಕಿತ್ತು.

ನಾಳೆ ಡ್ಯೂಟಿಗೆ ಹೋದ ಕೂಡಲೇ ಎಕ್ಲಾಂಪ್ಸಿಯಾ ಟ್ರೇ ತೆಗೆದು ಎಣಿಸಿ. ಮ್ಯಾಗ್‌ಸಲ್ಫ್ ಹತ್ತು ಆಂಪೂಲು, ಕ್ಯಾಲ್ಸಿಯಂ ಗ್ಲುಕೊನೇಟ್ ಒಂದು, 10 ಎಂಎಲ್ ಸಿರಿಂಜು ಎರಡು, ಉದ್ದ ಸೂಜಿ. ಎಲ್ಲದರ ತಾರೀಖು ನೋಡಿ. ಒಂದು ಕಡಿಮೆ ಇದ್ದರೂ ಅವತ್ತೇ ತರಿಸಿ.

ನಿಮ್ಮ ಅಕ್ಕ,
ಒಬ್ಬ ನಿವೃತ್ತ ಸಿಸ್ಟರ್